ಓದುಗರ ಪ್ರಶ್ನೆ: ಇಸ್ರೇಲ್-ಪ್ಯಾಲೆಸ್ಟೀನ್ ಚರಿತ್ರೆಯ ಮೊದಲ ಪುಸ್ತಕವನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಇಸ್ರೇಲ್-ಪ್ಯಾಲೆಸ್ಟೀನ್ ವಿವಾದವನ್ನು ಮೊದಲಿನಿಂದ ತಿಳಿಯಬೇಕೆಂಬ ಆಸೆಯಿಂದ, ಹೊಸಬರಿಗಾಗಿಯೇ ಬರೆದ ಎರಡು ಚಿಕ್ಕ ಇಂಗ್ಲಿಷ್ ಪುಸ್ತಕಗಳನ್ನು ಓದಿದೆ. ಇಸವಿಗಳೆಲ್ಲ ಒಂದೇ ಇದ್ದರೂ ಎರಡು ಬೇರೆ ದೇಶಗಳ ಕಥೆ ಓದಿದಂತಾಯಿತು. 1948ರ ಯುದ್ಧ ಒಂದರಲ್ಲಿ ಸ್ವಾತಂತ್ರ್ಯ ಸಂಗ್ರಾಮ, ಇನ್ನೊಂದರಲ್ಲಿ ‘ನಕ್ಬಾ’, ಅಂದರೆ ಮಹಾವಿಪತ್ತು. ಯಾವ ಪುಸ್ತಕ ಪಕ್ಷಪಾತದ್ದು ಎಂದು ನನ್ನಂಥವರು ಕಂಡುಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಹೆಸರುಗಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ. ‘ಸ್ವಾತಂತ್ರ್ಯ ಸಂಗ್ರಾಮ’ ಎನ್ನುವವರೂ ‘ನಕ್ಬಾ’ ಎನ್ನುವವರೂ ತಾವು ಯಾವ ಕಡೆ ನಿಂತು ನೋಡುತ್ತಿದ್ದೇವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾರೆ, ಮತ್ತು ಮುಚ್ಚಿಡದ ಒಲವಿನಿಂದ ಓದುಗನಿಗೆ ಆಗುವ ಹಾನಿ ಕಡಿಮೆ. ವಿಶೇಷಣಗಳನ್ನೆಲ್ಲ ತೆಗೆದುಹಾಕಿ, ತಣ್ಣನೆಯ ಧಾಟಿಯಲ್ಲಿ ಬರೆದ ಪುಸ್ತಕವಾದರೋ, ಒಂದು ಘಟನೆಯನ್ನು ಹೇಳಿ ಇನ್ನೊಂದನ್ನು ಬಿಡುವುದರಿಂದಲೇ ತನಗೆ ಬೇಕಾದ ತೀರ್ಪನ್ನು ನಿಮ್ಮ ಬಾಯಿಂದ ಹೊರಡಿಸಬಲ್ಲದು. ಆದ್ದರಿಂದ ತನ್ನ ವಾದಕ್ಕೆ ಇರುಸುಮುರುಸು ತರುವ ಸಂಗತಿ ಎದುರಾದಾಗ ಪುಸ್ತಕ ಏನು ಮಾಡುತ್ತದೆ ಎಂಬುದನ್ನು ನೋಡಿ. ಇನ್ನೂರು ಪುಟಗಳಲ್ಲಿ ಎಲ್ಲವೂ ಹಿಡಿಸದು ನಿಜ. ಆದರೆ ಬಿಟ್ಟುಹೋದದ್ದೆಲ್ಲ ಒಂದೇ ಪಕ್ಷಕ್ಕೆ ಅನುಕೂಲವಾಗುವಂತಿದ್ದರೆ ಅದಕ್ಕೆ ಸ್ಥಳಾಭಾವದ ನೆಪ ಒಪ್ಪುವಂಥದ್ದಲ್ಲ.

ಕಥೆಯನ್ನು ಎಲ್ಲಿಂದ ಆರಂಭಿಸಿದ್ದಾರೆ ಎಂಬುದು ಮೊದಲ ಸುಳಿವು. 1917ರ ನವೆಂಬರ್ 2ರಂದು ಬ್ರಿಟಿಷ್ ಸರ್ಕಾರ ಹೊರಡಿಸಿದ ಬಾಲ್ಫೋರ್ ಘೋಷಣೆಯಿಂದ ಆರಂಭಿಸಿದರೆ ಯಹೂದಿ ವಲಸೆಯೆಲ್ಲ ಬ್ರಿಟಿಷ್ ಸಾಮ್ರಾಜ್ಯದ ಯೋಜನೆಯಂತೆ ಕಾಣುತ್ತದೆ. 1881ರಿಂದ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ಎರಗಿದ ಹಿಂಸಾಚಾರದ ಅಲೆಗಳು, ಆ ಜನ ಊರು ಬಿಟ್ಟು ಏಕೆ ಹೊರಟರು ಎಂಬ ವಿವರ, ಎರಡೂ ಚೌಕಟ್ಟಿನಿಂದ ಹೊರಗುಳಿಯುತ್ತವೆ. ಬೈಬಲಿನ ಕಾಲದಿಂದ ಆರಂಭಿಸಿ, ರೋಮನ್ನರ ನಂತರ ಹದಿನೆಂಟು ಶತಮಾನಗಳನ್ನು ಎರಡು ಪುಟಗಳಲ್ಲಿ ದಾಟಿ ನೇರವಾಗಿ ವಲಸಿಗರ ಬಳಿಗೆ ಬಂದರೆ, ನಡುವಿನ ಕಾಲವೆಲ್ಲ ಅಲ್ಲಿ ಉಳುಮೆ ಮಾಡಿಕೊಂಡು ಬಾಳಿದವರು ಅಳಿಸಿಹೋಗುತ್ತಾರೆ. ಬಾಲ್ಫೋರ್ ಘೋಷಣೆಯ ತಿರುಳು ಇಂಗ್ಲಿಷಿನಲ್ಲಿ ಬರೀ 67 ಪದಗಳದ್ದು, ಅದನ್ನು ಪೂರ್ತಿ ಕೊಟ್ಟಿದ್ದಾರೆಯೇ ನೋಡಿ. ಅದರ ಮೊದಲ ಭಾಗ ಯಹೂದಿ ಜನತೆಗೆ ‘ರಾಷ್ಟ್ರೀಯ ನೆಲೆ’ಯ ಭರವಸೆ ಕೊಡುತ್ತದೆ; ಮುಂದಿನ ಭಾಗ, ಆಗ ಜನಸಂಖ್ಯೆಯ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದ್ದ ಅರಬರನ್ನು ಹೆಸರಿಸದೆ ‘ಈಗಿರುವ ಯಹೂದ್ಯೇತರ ಸಮುದಾಯಗಳು’ ಎಂದಷ್ಟೇ ಕರೆದು, ಅವರ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಧಕ್ಕೆಯಾಗದು ಎನ್ನುತ್ತದೆ. ರಾಜಕೀಯ ಹಕ್ಕಿನ ಮಾತಿಲ್ಲ. ಮುಂದಿನ ಮೂವತ್ತು ವರ್ಷಗಳ ಜಗಳವೆಲ್ಲ ಈ ಎರಡು ಭಾಗಗಳ ನಡುವೆ ಇದೆ. ಅರ್ಧವನ್ನು ಮಾತ್ರ ಉಲ್ಲೇಖಿಸುವ ಲೇಖಕ ಯಾವ ಅರ್ಧವನ್ನು ಆರಿಸಿಕೊಂಡ ಎಂಬುದರಿಂದಲೇ ಅವನ ನಿಲುವು ತಿಳಿಯುತ್ತದೆ.

1947ರ ನವೆಂಬರ್ 29ರಂದು ವಿಶ್ವಸಂಸ್ಥೆ 33-13 ಮತಗಳಿಂದ ಒಪ್ಪಿದ, ಪ್ಯಾಲೆಸ್ಟೀನನ್ನು ಯಹೂದಿ ಮತ್ತು ಅರಬ್ ರಾಷ್ಟ್ರಗಳಾಗಿ ಒಡೆಯುವ ವಿಭಜನಾ ಯೋಜನೆಯ ವಿಷಯದಲ್ಲೂ ಹೀಗೆಯೇ. ಒಂದು ಬಗೆಯ ಪುಸ್ತಕ ‘ಯಹೂದಿಗಳು ಒಪ್ಪಿದರು, ಅರಬರು ತಿರಸ್ಕರಿಸಿದರು’ ಎಂದು ಹೇಳಿ ಅಧ್ಯಾಯ ಮುಗಿಸುತ್ತದೆ. ಇನ್ನೊಂದು ಬಗೆಯದು ‘ಜನಸಂಖ್ಯೆಯಲ್ಲಿ ಮೂರನೇ ಒಂದು ಪಾಲಿನವರಿಗೆ ಅರ್ಧಕ್ಕಿಂತ ಹೆಚ್ಚು ಭೂಮಿ’ ಎಂದು ಮುಗಿಸುತ್ತದೆ. ಎರಡೂ ಸತ್ಯ. ಆದರೆ ಆ ಭೂಮಿಯ ದೊಡ್ಡ ಭಾಗ ನೆಗೆವ್ ಮರುಭೂಮಿ ಎಂಬುದನ್ನು ಎರಡನೆಯ ಬಗೆಯವರು ಹೇಳಬೇಕಿತ್ತು. ಯಹೂದಿ ರಾಷ್ಟ್ರವೆಂದು ಗುರುತಿಸಿದ ಪ್ರದೇಶದಲ್ಲೇ ಹತ್ತಿರ ಹತ್ತಿರ ಅರ್ಧದಷ್ಟು ಜನ ಅರಬರಾಗಿರುತ್ತಿದ್ದರು ಎಂಬುದನ್ನು ಮೊದಲನೆಯವರು ಹೇಳಬೇಕಿತ್ತು, ಏಕೆಂದರೆ ತಿರಸ್ಕಾರದ ಒಂದು ಕಾರಣ ಅಲ್ಲಿದೆ. ನಮಗೆ ಆಸಕ್ತಿಯ ಒಂದು ಸಂಗತಿಯನ್ನು ಎರಡೂ ಬಗೆಯವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ: ವಿಶ್ವಸಂಸ್ಥೆಯ ವಿಶೇಷ ಸಮಿತಿಯಲ್ಲಿದ್ದ ಭಾರತ, ಇರಾನ್ ಮತ್ತು ಯುಗೊಸ್ಲಾವಿಯ ವಿಭಜನೆಯ ಬದಲು ಒಂದೇ ಒಕ್ಕೂಟ ರಾಷ್ಟ್ರವನ್ನು ಸೂಚಿಸುವ ಅಲ್ಪಮತದ ವರದಿ ಕೊಟ್ಟಿದ್ದವು. ಅದು ಕೈಗೂಡುತ್ತಿತ್ತೋ ಇಲ್ಲವೋ ಬೇರೆ ಮಾತು. ಬೇರೊಂದು ದಾರಿಯ ಪ್ರಸ್ತಾಪವೂ ಮೇಜಿನ ಮೇಲಿತ್ತು ಎಂದು ತಿಳಿಸುವ ಪುಸ್ತಕ, ಆದದ್ದೆಲ್ಲ ಹಾಗೆಯೇ ಆಗಬೇಕಿತ್ತು ಎಂಬ ಭ್ರಮೆ ಹುಟ್ಟಿಸುವುದಿಲ್ಲ.

ಇನ್ನು ನಿಮ್ಮ 1948ಕ್ಕೆ ಬರುತ್ತೇನೆ. ಹೊಸ ಪುಸ್ತಕ ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಈ ಅಧ್ಯಾಯವನ್ನೇ. ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು ಎಂಬುದರಲ್ಲಿ ಇಂದು ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಏಕೆ ಮತ್ತು ಹೇಗೆ ಎಂಬುದರಲ್ಲಿದೆ. ನಾಲ್ಕು ಊರುಗಳ ಹೆಸರನ್ನು ಹುಡುಕಿ. ಹೈಫಾದಲ್ಲಿ 1948ರ ಏಪ್ರಿಲ್‌ನಲ್ಲಿ, ಯಹೂದಿ ಪಡೆಯಾದ ಹಗಾನಾ ದಾಳಿ ಮಾಡಿ ಅರಬ್ ಬಡಾವಣೆಗಳ ಮೇಲೆ ಮಾರ್ಟರ್ ಗುಂಡುಗಳು ಬೀಳುತ್ತಿದ್ದಾಗಲೇ ಸಾವಿರಾರು ಜನ ಬಂದರಿನತ್ತ ಓಡಿದರು. ಆಮೇಲೆ ನಡೆದ ಮಾತುಕತೆಯಲ್ಲಿ ಶರಣಾಗತಿಯ ಷರತ್ತುಗಳಿಗೆ ಸಹಿ ಹಾಕಲಾರದ ಅರಬ್ ಮುಖಂಡರು ಊರು ಬಿಡುವುದಾಗಿ ಹೇಳಿದರು, ಯಹೂದಿ ಮೇಯರ್ ಹೋಗಬೇಡಿರೆಂದು ಕೇಳಿಕೊಂಡರು. ಲಿಡ್ಡಾ ಮತ್ತು ರಾಮ್ಲೆಯಲ್ಲಿ ಅದೇ ಜುಲೈನಲ್ಲಿ ನಡೆದದ್ದು ಬೇರೆ: 50,000ಕ್ಕೂ ಹೆಚ್ಚು ಜನರನ್ನು ಆದೇಶದ ಮೇರೆಗೆ ಹೊರಹಾಕಲಾಯಿತು, ಲಿಡ್ಡಾದವರು ಸುಡುಬಿಸಿಲಿನಲ್ಲಿ ನಡೆದೇ ಹೋದರು. ಆ ಆದೇಶಕ್ಕೆ ಸಹಿ ಹಾಕಿದ ಸೇನಾಧಿಕಾರಿ ಯಿಟ್ಜಾಕ್ ರಬಿನ್, ಮುಂದೆ ಪ್ರಧಾನಿಯಾದವರು. ಅವರ ಆತ್ಮಕಥೆಯ ಈ ಭಾಗವನ್ನು 1979ರಲ್ಲಿ ಇಸ್ರೇಲಿನ ಸೆನ್ಸಾರ್ ಕತ್ತರಿಸಿತ್ತು. ಅದೇ ಜುಲೈನಲ್ಲಿ ಶರಣಾದ ನಜರೆತ್‌ನಲ್ಲಿ ಮಾತ್ರ ಜನರನ್ನು ಹೊರಹಾಕಲಿಲ್ಲ. ಅದು ಇಂದಿಗೂ ಇಸ್ರೇಲಿನ ಅತಿದೊಡ್ಡ ಅರಬ್ ನಗರಗಳಲ್ಲೊಂದು.

ಹೈಫಾ ಒಂದನ್ನೇ ಹೇಳುವ ಪುಸ್ತಕ ‘ತಾವಾಗಿಯೇ ಹೋದರು’ ಎನ್ನಲು ಹೊರಟಿದೆ, ಲಿಡ್ಡಾ ಒಂದನ್ನೇ ಹೇಳುವುದು ‘ಎಲ್ಲೆಡೆ ಒಂದೇ ಯೋಜನೆ ನಡೆಯಿತು’ ಎನ್ನಲು ಹೊರಟಿದೆ. ಅರಬ್ ನಾಯಕರು ರೇಡಿಯೊದಲ್ಲಿ ಎಲ್ಲರಿಗೂ ಊರು ಬಿಡಲು ಕರೆಕೊಟ್ಟರು ಎಂಬ ಹಳೆಯ ವಾದವನ್ನು ಇನ್ನೂ ಪ್ರಶ್ನಿಸದೆ ಒಪ್ಪಿಸುವ ಪುಸ್ತಕವಿದ್ದರೆ, ಅದರ ಲೇಖಕರ ಓದು ಹಲವು ದಶಕ ಹಿಂದೆಯೇ ನಿಂತಿದೆ ಎಂದು ತಿಳಿಯಿರಿ. ಆ ಕಾಲದ ಪ್ರಸಾರಗಳ ದಾಖಲೆಗಳನ್ನು ಜಾಲಾಡಿದವರಿಗೆ ಅಂಥ ಸಾಮೂಹಿಕ ಆದೇಶ ಸಿಕ್ಕಿಲ್ಲ; ಕೆಲವು ಊರುಗಳಲ್ಲಿ ಹೆಂಗಸರು ಮಕ್ಕಳನ್ನು ಸಾಗಿಸಿರೆಂಬ ಸ್ಥಳೀಯ ಸೂಚನೆಗಳು ಇದ್ದವು, ಅಷ್ಟೆ. ಇಷ್ಟಾಗಿ, ಜನ ಏಕೆ ಹೋದರು ಎಂಬ ವಾಗ್ವಾದವೇ ಅಧ್ಯಾಯವನ್ನೆಲ್ಲ ನುಂಗಿಹಾಕಿದ್ದರೆ ಅದೂ ಒಂದು ಜಾಣತನ. ಹೋದವರು ಹೆದರಿ ಹೋಗಿರಲಿ, ಹೊಡೆದು ಅಟ್ಟಿಸಿಕೊಂಡಿರಲಿ, ಅವರನ್ನು ಮರಳಲು ಬಿಡಬಾರದೆಂದು ಇಸ್ರೇಲ್ ಸರ್ಕಾರ 1948ರ ಜೂನ್‌ನಲ್ಲೇ ನಿಲುವು ತಾಳಿತು, 1950ರ ಕಾನೂನು ಅವರ ಆಸ್ತಿಯನ್ನು ‘ಗೈರುಹಾಜರಿದ್ದವರ ಆಸ್ತಿ’ ಎಂದು ವಶಕ್ಕೆ ತೆಗೆದುಕೊಂಡಿತು. ನಿರಾಶ್ರಿತರ ಸಮಸ್ಯೆ ಶಾಶ್ವತವಾದದ್ದು ಈ ತೀರ್ಮಾನಗಳಿಂದ. ಮತ್ತೊಂದು ಕಡೆ, ಪ್ಯಾಲೆಸ್ಟೀನಿಯರ ಪರವಾದ ಪುಸ್ತಕದಲ್ಲಿ ಜೆರುಸಲೇಂ ಹಳೆಯ ನಗರದ ಯಹೂದಿ ಬಡಾವಣೆಯವರನ್ನು ಜೋರ್ಡಾನಿನ ಪಡೆ 1948ರ ಮೇ ತಿಂಗಳಲ್ಲಿ ಹೊರಹಾಕಿದ್ದು, ಮುಂದಿನ ವರ್ಷಗಳಲ್ಲಿ ಇರಾಕ್, ಯೆಮನ್, ಈಜಿಪ್ಟ್ ಮುಂತಾದ ದೇಶಗಳಿಂದ ಲಕ್ಷಾಂತರ ಯಹೂದಿಗಳು ನೆಲೆ ಕಳೆದುಕೊಂಡು ಬಂದದ್ದು ಇವೆಯೇ ಎಂದು ನೋಡಬೇಕು.

ಒಂದು ಅಂಕಿ ಹೇಳಿ ಈ ಉತ್ತರ ಮುಗಿಸುತ್ತೇನೆ. 1948ರ ಏಪ್ರಿಲ್ 9ರಂದು ಜೆರುಸಲೇಂ ಬಳಿಯ ದೈರ್ ಯಾಸೀನ್ ಎಂಬ ಅರಬ್ ಹಳ್ಳಿಯಲ್ಲಿ ಇರ್ಗುನ್ ಮತ್ತು ಲೆಹಿ ಎಂಬ ಯಹೂದಿ ಸಶಸ್ತ್ರ ಗುಂಪುಗಳು ಗ್ರಾಮಸ್ಥರನ್ನು ಕೊಂದವು. ದಶಕಗಳ ಕಾಲ ಸತ್ತವರ ಸಂಖ್ಯೆ 254 ಎಂದೇ ಅಚ್ಚಾಗುತ್ತಿತ್ತು, ಏಕೆಂದರೆ ಅದು ಇಬ್ಬರಿಗೂ ಬೇಕಾಗಿತ್ತು: ಭಯ ಹುಟ್ಟಿಸಲು ಕೊಂದವರಿಗೆ, ಆಕ್ರೋಶ ಎಬ್ಬಿಸಲು ಅರಬ್ ಮುಖಂಡರಿಗೆ. 1980ರ ದಶಕದಲ್ಲಿ ಪ್ಯಾಲೆಸ್ಟೀನಿನದೇ ಆದ ಬೀರ್‌ಜೈತ್ ವಿಶ್ವವಿದ್ಯಾಲಯದ ಸಂಶೋಧಕರು ಬದುಕುಳಿದವರನ್ನು ವಿಚಾರಿಸಿ 107ರ ಆಸುಪಾಸಿನ ಸಂಖ್ಯೆಗೆ ಬಂದರು. ತಮ್ಮ ಪಕ್ಷಕ್ಕೆ ಲಾಭ ತರುತ್ತಿದ್ದ ಅಂಕಿಯನ್ನು ತಾವೇ ಇಳಿಸಿದ ಆ ಕೆಲಸ ಇತಿಹಾಸ ಬರವಣಿಗೆಯ ಒಳ್ಳೆಯ ಮಾದರಿ. ಹತ್ಯೆಯ ಘೋರತೆ ಅದರಿಂದ ಕಡಿಮೆಯಾಗಲಿಲ್ಲ. ನಾಲ್ಕು ದಿನಗಳ ನಂತರ ಜೆರುಸಲೇಂನ ಯಹೂದಿ ಆಸ್ಪತ್ರೆಯಾದ ಹದಸ್ಸಾಕ್ಕೆ ಹೊರಟಿದ್ದ ವಾಹನಸಾಲಿನ ಮೇಲೆ ಅರಬ್ ದಾಳಿ ನಡೆದು, ವೈದ್ಯರು ದಾದಿಯರೂ ಸೇರಿ 70ಕ್ಕೂ ಹೆಚ್ಚು ಮಂದಿ ಸತ್ತರು. ಎರಡೂ ಘಟನೆಗಳು ನಿಮ್ಮ ಪುಸ್ತಕದಲ್ಲಿವೆಯೇ, ಇದ್ದರೆ ಒಂದಕ್ಕೆ ಕರ್ತೃವಿದ್ದು ಇನ್ನೊಂದು ‘ಸಂಭವಿಸಿತು’ ಎಂದಷ್ಟೇ ಬರೆದಿದ್ದಾರೆಯೇ ಎಂದು ಗಮನಿಸಿ.

ಪ್ರಶ್ನೆ: ಲೇಖಕರು ಯಹೂದಿಯೋ ಅರಬರೋ ಎಂದು ನೋಡಿದರೆ ಸಾಲದೇ?

ಉತ್ತರ: ಸಾಲದು. ಸರ್ಕಾರಿ ಕಡತಗಳು ಸಾರ್ವಜನಿಕರಿಗೆ ತೆರೆದುಕೊಂಡ ಮೇಲೆ, 1980ರ ದಶಕದ ಕೊನೆಯಲ್ಲಿ ಇಸ್ರೇಲಿನ ಅಧಿಕೃತ ಕಥನವನ್ನು ಬುಡಸಮೇತ ಅಲುಗಾಡಿಸಿದವರು ಇಸ್ರೇಲಿ ವಿದ್ವಾಂಸರೇ. ಅವರನ್ನು ‘ಹೊಸ ಇತಿಹಾಸಕಾರರು’ ಎಂದು ಕರೆಯುವುದು ವಾಡಿಕೆ. ಅವರಲ್ಲೇ ಕೆಲವರು ಹೆಚ್ಚುಕಡಿಮೆ ಅವೇ ಕಡತಗಳನ್ನು ಓದಿ, ಹೊರಹಾಕುವಿಕೆ ಪೂರ್ವಯೋಜಿತವೇ ಅಥವಾ ಯುದ್ಧದ ನಡುವೆ ಹುಟ್ಟಿದ್ದೇ ಎಂಬ ಪ್ರಶ್ನೆಗೆ ವಿರುದ್ಧ ಉತ್ತರಗಳನ್ನು ಕೊಟ್ಟಿದ್ದಾರೆ. ಹುಟ್ಟಿನಿಂದ ತೀರ್ಮಾನಿಸಲು ಹೋದರೆ ಇವರನ್ನೆಲ್ಲ ಎಲ್ಲಿಡುತ್ತೀರಿ? ಆದರೂ ಒಂದು ಅಸಮತೆ ನೆನಪಿರಲಿ: ಒಂದು ಪಕ್ಷಕ್ಕೆ ರಾಜ್ಯವಿದೆ, ಕಡತಗಳನ್ನು ಜೋಡಿಸಿಟ್ಟ ಸರ್ಕಾರಿ ಪತ್ರಾಗಾರವಿದೆ, ಇನ್ನೊಂದು ಪಕ್ಷದ ಕಾಗದಪತ್ರಗಳು ಬಹಳಷ್ಟು ಚದುರಿಹೋಗಿವೆ, ಅವರ ಚರಿತ್ರೆ ಹೆಚ್ಚಾಗಿ ನೆನಪಿನ ಹೇಳಿಕೆಗಳನ್ನು ನೆಚ್ಚಿದೆ. ಕಡತಗಳನ್ನು ಮಾತ್ರ ಪುರಾವೆಯೆನ್ನುವ ಲೇಖಕ ತನಗರಿವಿಲ್ಲದೆಯೂ ಒಂದು ಕಡೆಗೆ ವಾಲಬಹುದು.

ಪ್ರಶ್ನೆ: ನಕ್ಷೆಗಳು ಸುಳ್ಳು ಹೇಳುವುದಿಲ್ಲ, ಅವನ್ನೇ ನಂಬಬಹುದಲ್ಲ?

ಉತ್ತರ: ಈ ವಿವಾದದಲ್ಲಿ ನಕ್ಷೆಗಳಷ್ಟು ಓದುಗರನ್ನು ದಾರಿತಪ್ಪಿಸಿದ್ದು ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಪ್ಯಾಲೆಸ್ಟೀನ್ ಕರಗುತ್ತ ಹೋದುದನ್ನು ತೋರಿಸುವ ಪ್ರಸಿದ್ಧ ನಾಲ್ಕು ನಕ್ಷೆಗಳ ಸಾಲನ್ನು ನೀವು ನೋಡಿರುತ್ತೀರಿ. ಮೊದಲನೆಯದರಲ್ಲಿ ಯಹೂದಿಗಳ ಒಡೆತನದ ಜಮೀನು ಒಂದು ಬಣ್ಣ, ಉಳಿದದ್ದೆಲ್ಲ ಪ್ಯಾಲೆಸ್ಟೀನಿಯರದು. ಆಗ ಯಹೂದಿ ಒಡೆತನ ಶೇಕಡ 6ರಿಂದ 7ರಷ್ಟು ಮಾತ್ರ ಎಂಬುದು ಸರಿಯೇ. ಆದರೆ ಉಳಿದುದರಲ್ಲಿ ಯಾರ ಖಾಸಗಿ ಸ್ವತ್ತೂ ಅಲ್ಲದ ವಿಶಾಲ ನೆಲವೂ ಇತ್ತು. ಎರಡನೆಯದು ಜಾರಿಗೇ ಬಾರದ ಒಂದು ಪ್ರಸ್ತಾವ, ಮೂರನೆಯದು 1949ರ ಕದನವಿರಾಮ ರೇಖೆ, ನಾಲ್ಕನೆಯದು ಆಡಳಿತಾಧಿಕಾರದ ಹಂಚಿಕೆ. ಹೀಗೆ ನಾಲ್ಕು ಬೇರೆ ಬೇರೆ ಅಳತೆಗಳನ್ನು ಒಂದೇ ಬಣ್ಣಗಳಲ್ಲಿ ತೋರಿಸಲಾಗಿದೆ. ಜಮೀನು ಕೈತಪ್ಪಿದ್ದು ನಿಜವಾದ್ದರಿಂದಲೇ ಅದನ್ನು ಹೀಗೆ ಕಲಸಿ ತೋರಿಸುವ ಅಗತ್ಯವಿರಲಿಲ್ಲ. ಇನ್ನೊಂದು ಕಡೆ, 1967ರ ಹಿಂದಿನ ಗಡಿರೇಖೆಯನ್ನೇ ಅಳಿಸಿ, ಜೋರ್ಡಾನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಒಂದೇ ಬಣ್ಣದಲ್ಲಿ ಇಸ್ರೇಲ್ ಎಂದು ಬರೆದ ನಕ್ಷೆಗಳಿವೆ. 1967ರ ಯುದ್ಧದಲ್ಲಿ ಇಸ್ರೇಲ್ ಹಿಡಿದ, ಜೋರ್ಡಾನ್ ನದಿಯ ಪಶ್ಚಿಮ ದಂಡೆಯಲ್ಲಿ ಲಕ್ಷಾಂತರ ಜನ ಸೇನಾಡಳಿತದ ಕೆಳಗಿದ್ದಾರೆ ಎಂಬುದು ಅವುಗಳಿಂದ ತಿಳಿಯುವುದೇ ಇಲ್ಲ.

ಶೇಕಡಾವಾರು ಲೆಕ್ಕಗಳೂ ಇದೇ ಜಾತಿಯವು. 2000ದ ಜುಲೈನಲ್ಲಿ ಅಮೆರಿಕದ ಮಧ್ಯಸ್ಥಿಕೆಯಲ್ಲಿ ನಡೆದ ಕ್ಯಾಂಪ್ ಡೇವಿಡ್ ಶಾಂತಿ ಮಾತುಕತೆಯಲ್ಲಿ ಪಶ್ಚಿಮ ದಂಡೆಯ ಶೇಕಡ 90ರ ಆಚೀಚೆ ಬಿಟ್ಟುಕೊಡಲು ಇಸ್ರೇಲ್ ಸಿದ್ಧವಿತ್ತು ಎಂದು ಓದಿದಾಗ, ಯಾವುದರ ಶೇಕಡ ಎಂದು ಕೇಳಿ. ಇಸ್ರೇಲಿನ ಲೆಕ್ಕದಲ್ಲಿ ಪೂರ್ವ ಜೆರುಸಲೇಂ ಮತ್ತು ಮೃತ ಸಮುದ್ರದ ಜಲಭಾಗ ಪಶ್ಚಿಮ ದಂಡೆಗೆ ಸೇರಿರಲಿಲ್ಲ. ಪ್ಯಾಲೆಸ್ಟೀನಿಯರ ಲೆಕ್ಕದಲ್ಲಿ ಸೇರಿದ್ದವು.

ಪ್ರಶ್ನೆ: ಹಾಗಾದರೆ ‘ಎರಡೂ ಕಡೆ ತಪ್ಪಿದೆ’ ಎನ್ನುವ ಪುಸ್ತಕವೇ ಸುರಕ್ಷಿತವಲ್ಲವೇ? 2023ರ ನಂತರದ ಘಟನೆಗಳನ್ನು ಅಂಥ ಪುಸ್ತಕದಿಂದಲೇ ತಿಳಿಯಬಹುದೇ?

ಉತ್ತರ: ಸುರಕ್ಷಿತವಾಗಿರುವುದು ಲೇಖಕರಿಗೆ, ಓದುಗರಿಗಲ್ಲ. ತಪ್ಪನ್ನು ಸಮನಾಗಿ ಹಂಚಲೇಬೇಕೆಂದು ಹೊರಟವರು, 1967ರಿಂದ ಒಂದು ಕಡೆಯವರು ಇನ್ನೊಂದು ಕಡೆಯವರ ನೆಲವನ್ನು ಹಿಡಿದಿಟ್ಟುಕೊಂಡು ಆಳುತ್ತಿದ್ದಾರೆ ಎಂಬ ಮೂಲಸಂಗತಿಯನ್ನೇ ತೇಲಿಸಿಬಿಡುತ್ತಾರೆ. ಬಸ್ಸು ಹೋಟೆಲುಗಳಲ್ಲಿ ನಾಗರಿಕರನ್ನು ಗುರಿಯಾಗಿಸಿದ ಆತ್ಮಾಹುತಿ ದಾಳಿಗಳನ್ನು ‘ಹಿಂಸಾಚಾರ ಹೆಚ್ಚಿತು’ ಎಂಬ ಒಂದು ಸಾಲಿನಲ್ಲಿ ಕರಗಿಸುವವರೂ ಅವರೇ. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಯಲ್ಲಿ ಸುಮಾರು 1,200 ಮಂದಿ ಸತ್ತದ್ದನ್ನೂ ಸುಮಾರು 250 ಮಂದಿ ಒತ್ತೆಯಾಳುಗಳಾದದ್ದನ್ನೂ, ಆಮೇಲಿನ ಇಸ್ರೇಲಿ ದಾಳಿಯಲ್ಲಿ ಗಾಜಾದ ಹತ್ತಾರು ಸಾವಿರ ಜನ ಸತ್ತದ್ದನ್ನೂ ಪುಸ್ತಕ ನೇರವಾಗಿ ಹೇಳಬೇಕು. ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕ ಹೋರಾಟಗಾರರನ್ನೂ ನಾಗರಿಕರನ್ನೂ ಬೇರ್ಪಡಿಸುವುದಿಲ್ಲ ಎಂಬುದನ್ನು ಹೇಳದವರು ಒಂದು ಬಗೆ. ಅದೊಂದನ್ನೇ ಹೇಳಿ, ಹಿಂದಿನ ಯುದ್ಧಗಳಲ್ಲಿ ಆ ಸಚಿವಾಲಯದ ಒಟ್ಟು ಲೆಕ್ಕ ವಿಶ್ವಸಂಸ್ಥೆಯ ಲೆಕ್ಕಕ್ಕೆ ಹತ್ತಿರವೇ ಇತ್ತು ಎಂಬುದನ್ನು ಮುಚ್ಚಿಡುವವರು ಇನ್ನೊಂದು ಬಗೆ.

ನೀವು ಓದಿದ ಎರಡು ಪುಸ್ತಕಗಳನ್ನು ಎಸೆಯಬೇಡಿ. ಎರಡರಲ್ಲೂ 1948ರ ಅಧ್ಯಾಯವನ್ನು ಮಾತ್ರ ಅಕ್ಕಪಕ್ಕ ಇಟ್ಟುಕೊಂಡು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಊರು, ದಿನಾಂಕ ಮತ್ತು ಅಂಕಿಗಳನ್ನು ಗುರುತುಹಾಕಿಕೊಳ್ಳಿ. ಮೂರನೆಯ ಪುಸ್ತಕ ಕೊಳ್ಳುವ ಮೊದಲು, ಆ ಗುರುತುಗಳಲ್ಲಿ ಎಷ್ಟು ಅದರಲ್ಲಿವೆ ಎಂದು ಅಂಗಡಿಯಲ್ಲೇ ನಿಂತು ಕೊನೆಯ ಪುಟಗಳ ಪದಸೂಚಿಯಲ್ಲಿ ನೋಡಬಹುದು.