ಕಾರವಾರವೋ ಶಿರಸಿಯೋ? ಮೊದಲು ಹಿಂದಿನ ಧರೆ ನೋಡಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಈಗಷ್ಟೇ ನಿವೃತ್ತನಾಗಿದ್ದೇನೆ. ನನ್ನ ಹುಟ್ಟೂರು ಶಿರಸಿ ಕಡೆ, ಹೆಂಡತಿಯ ತವರು ಕಾರವಾರ. ಮನೆ ಕಟ್ಟಲು ಮೂರು ಜಾಗ ನೋಡಿದ್ದೇವೆ. ಒಂದು, ಕಾರವಾರದಲ್ಲಿ ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ. ಇನ್ನೊಂದು, ಅಂಕೋಲಾ ಕಡೆ ಗುಡ್ಡ ಕಡಿದು ಮಾಡಿದ ಬಿನ್‌ಶೇತ್ಕಿ (ಕೃಷಿಯೇತರ ಅಂತ ಪರಿವರ್ತಿಸಿದ) ಲೇಔಟ್. ಅಲ್ಲಿಂದ ಹೊಳೆ ಚೆನ್ನಾಗಿ ಕಾಣುತ್ತದೆ. ಮೂರನೆಯದು ಶಿರಸಿ ಪೇಟೆಯ ಹೊರಗೆ, ಹಿಂದೆ ಧರೆ (ಕಡಿದಾದ ಮಣ್ಣಿನ ದಿಬ್ಬ), ಮುಂದೆ ತೋಟ. ಚಂಡಮಾರುತದ ಭಯಕ್ಕೆ ಮಕ್ಕಳು ಕಾರವಾರ ಬೇಡವೇ ಬೇಡ ಅನ್ನುತ್ತಾರೆ. ಶಿರಸಿಯೇ ಸುರಕ್ಷಿತ ಅಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಮಕ್ಕಳು ಹೆದರಿದ್ದು ತಪ್ಪಲ್ಲ. ಆದರೆ ಮೂರರಲ್ಲಿ ನನಗೆ ಕಡಿಮೆ ಚಿಂತೆ ಇರುವುದು ಕಾರವಾರದ ಜಾಗದ ಬಗ್ಗೆಯೇ.

ಯಾಕೆ ಅಂತ ಹೇಳುತ್ತೇನೆ. ಅಪಾಯ ಎಷ್ಟು ದೊಡ್ಡದು ಅನ್ನುವುದರ ಜೊತೆಗೆ, ಅದು ಬರುವ ಮುಂಚೆ ನಮಗೆ ಎಷ್ಟು ಹೊತ್ತು ಕೊಡುತ್ತದೆ ಅನ್ನುವುದನ್ನೂ ನಾನು ನೋಡುತ್ತೇನೆ. ಚಂಡಮಾರುತ ಬರುವುದು ದಿನಗಳ ಮುಂಚೆಯೇ ಗೊತ್ತಾಗುತ್ತದೆ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಸಮುದ್ರದಲ್ಲಿ ಹಾದು ಗುಜರಾತಿನಲ್ಲಿ ದಡ ಸೇರಿತು. ಆದರೂ ಇಲ್ಲಿ ದಡದ ಮನೆಗಳಿಗೆ ಅಲೆ ಬಡಿಯಿತು, ದೋಣಿ, ಬಲೆ ಹಾಳಾದವು. ಬಚಾವಾಗಲು ಮಾತ್ರ ಸಮಯ ಇತ್ತು. ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಲವು ಗಂಟೆ ಸಿಗುತ್ತದೆ. ಗುಡ್ಡ ಕುಸಿದರೆ? ಬಾಗಿಲು ತೆಗೆಯುವಷ್ಟು ಹೊತ್ತೂ ಸಿಗುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಲೆಕ್ಕವೂ ಇದನ್ನೇ ಹೇಳುತ್ತದೆ. 2009ರ ಅಕ್ಟೋಬರ್ 2ರಂದು ಕಾರವಾರದ ಹತ್ತಿರ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೇ ಗುಡ್ಡ ಬಿದ್ದು ಒಂದೇ ಮನೆಯಲ್ಲಿ ನಾಲ್ವರು ಹೋದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆದ ಕುಸಿತ ಎಲ್ಲರಿಗೂ ನೆನಪಿದೆ. ಹೆದ್ದಾರಿಯ ಪಕ್ಕದ ಗುಡ್ಡ ರಸ್ತೆ ದಾಟಿ ಗಂಗಾವಳಿ ಹೊಳೆಗೆ ಇಳಿಯಿತು. ಆ ಮಣ್ಣು ಬಿದ್ದ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಅಂದರೆ ಗುಡ್ಡ ನಮ್ಮ ಹಿಂದೆ ಇರಬೇಕು ಅಂತೇನಿಲ್ಲ, ಹೊಳೆಯ ಆಚೆ ಇದ್ದರೂ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ಅಂಕೋಲಾ ಜಾಗದಿಂದ ಹೊಳೆ ಕಾಣುತ್ತದೆ ಅಂದಿರಲ್ಲ, ಎದುರು ಏನಿದೆ ಅಂತಲೂ ನೋಡಿ ಬನ್ನಿ.

ಈ ಲೇಔಟ್‌ಗಳ ಬಗ್ಗೆ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ನಮ್ಮ ಕಡೆ ಗುಡ್ಡದ ಮೇಲ್ಪದರ ಚಿರೆಕಲ್ಲು. ನೋಡಲು ಗಟ್ಟಿ, ಆದರೆ ತೂತು ಜಾಸ್ತಿ, ನೀರು ಸರಾಗವಾಗಿ ಒಳಗೆ ಇಳಿಯುತ್ತದೆ. ಅದರ ಕೆಳಗೆ ಬಹಳ ಕಡೆ ಮೆತ್ತನೆಯ ಶೇಡಿ ಮಣ್ಣು. ನೀರು ಅಲ್ಲಿ ತಡೆದು ನಿಲ್ಲುತ್ತದೆ, ಮಣ್ಣು ಜಾರಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಜೆಸಿಬಿ ಹಚ್ಚಿ ಬುಡ ಕಡಿದರೆ ಮೇಲಿನ ಭಾರ ಹೊರಲು ಏನೂ ಉಳಿಯುವುದಿಲ್ಲ. ಇನ್ನು ಕಡಿದ ಮಣ್ಣನ್ನು ಇಳಿಜಾರಿನ ಕಡೆ ತುಂಬಿ ಸಮತಟ್ಟು ಮಾಡಿರುತ್ತಾರೆ. ನಿಮ್ಮ ಮನೆ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ ಗೋಡೆ ಬಿರುಕು ಬಿಡುವುದು ಖಂಡಿತ. ಬಿನ್‌ಶೇತ್ಕಿ ಆಗಿದೆ ಅನ್ನುವುದು ಕಾಗದದ ಮಾತು. ಗುಡ್ಡ ನಿಲ್ಲುತ್ತದೆ ಅಂತ ಅದರಲ್ಲಿ ಯಾರೂ ಬರೆದುಕೊಟ್ಟಿಲ್ಲ. ಈ ಜಾಗ ಬಿಟ್ಟುಬಿಡಿ.

ಹಾಗಾದರೆ ಶಿರಸಿ? ಘಟ್ಟದ ಮೇಲೆ ಅಂದ ಮಾತ್ರಕ್ಕೆ ಕುಸಿತ ಇಲ್ಲ ಅಂತಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆ ಎಲ್ಲ ಜಾರಿದವು. ಆದರೆ ಶಿರಸಿ ಪೇಟೆಯ ಸುತ್ತಮುತ್ತ ಇಳಿಜಾರು ಅಷ್ಟು ಕಡಿದಲ್ಲ. ನಿಮ್ಮ ಜಾಗದ ತೀರ್ಮಾನ ಆ ಧರೆಯ ಮೇಲಿದೆ. ಅದನ್ನು ನೋಡಲು ಜನವರಿಯಲ್ಲಿ ಹೋಗಬೇಡಿ. ಜುಲೈ ಕೊನೆಯಲ್ಲಿ, ನಾಲ್ಕೈದು ದಿನ ಬಿಡದೆ ಮಳೆ ಹೊಡೆದ ಮೇಲೆ ಹೋಗಿ. ಧರೆಯ ಮೈಯಿಂದ ಒರತೆ ಬರುತ್ತಿದೆಯಾ? ತಿಳಿನೀರಾದರೆ ದಾರಿ ಮಾಡಿಕೊಡಬಹುದು. ಕೆಸರು ನೀರಾದರೆ ಒಳಗಿನ ಮಣ್ಣೇ ಹೊರಗೆ ಬರುತ್ತಿದೆ ಅಂತ ಅರ್ಥ. ಆಮೇಲೆ ಧರೆಯ ಮೇಲೆ ಹತ್ತಿ. ನೆಲದಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು, ಓರೆಯಾದ ಕರೆಂಟ್ ಕಂಬ, ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರಗಳು ಕಂಡರೆ ಮಾತು ಮುಂದುವರಿಸಬೇಡಿ. ಮೇಲಿನವರು ಇಂಗುಗುಂಡಿ ತೋಡಿದ್ದಾರಾ ಅಂತಲೂ ಕೇಳಿ. ಬಯಲಿನಲ್ಲಿ ಇಂಗುಗುಂಡಿ ಒಳ್ಳೆಯದೇ, ಧರೆಯ ನೆತ್ತಿಯ ಮೇಲೆ ಅದು ಕಂಟಕ.

ಎಲ್ಲ ಸರಿ ಇದ್ದರೆ, ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಬಿಟ್ಟು ಮನೆ ಕಟ್ಟಿ. ಇದು ನನ್ನ ಲೆಕ್ಕ, ಜಾಸ್ತಿ ಬಿಟ್ಟರೆ ಇನ್ನೂ ಒಳ್ಳೆಯದು. ಮಲಗುವ ಕೋಣೆ ಧರೆಯ ಕಡೆ ಬೇಡ. ತಡೆಗೋಡೆ ಕಟ್ಟಿದರೆ ನೀರು ಹೋಗಲು ತೂತು ಇರಲಿ. ತೂತಿಲ್ಲದ ಗೋಡೆ ಹಿಂದೆ ನೀರು ತುಂಬಿಸಿಕೊಂಡು ಒಂದು ದಿನ ತಾನೇ ಬೀಳುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ ಭೂಕುಸಿತದ ನಕ್ಷೆ ಸಿಗುತ್ತದೆ. ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದರ ಅಳತೆ 1:50,000. ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದಲ್ಲಿ 500 ಮೀಟರ್. ನಿಮ್ಮ ಮನೆಯ ಜಾಗ ಅದರಲ್ಲಿ ಕಾಣುವುದೇ ಇಲ್ಲ.

ಕಾರವಾರದ ಜಾಗಕ್ಕೆ ಬಂದರೆ, ಸಿಆರ್‌ಝಡ್ (ಕಟ್ಟಡಕ್ಕೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ) ಗಡಿ ಭರತಿಯ ರೇಖೆಯಿಂದ 500 ಮೀಟರ್‌ವರೆಗೂ ಬರಬಹುದು. ಹಾಗಾಗಿ ಮುಂಗಡ ಕೊಡುವ ಮುಂಚೆ ಅದನ್ನು ಖಚಿತ ಮಾಡಿಕೊಳ್ಳಿ. ಜಾಗ ಗದ್ದೆ ಅಥವಾ ಗಜನಿ (ಉಪ್ಪುನೀರು ಬರುವ ತಗ್ಗು ಗದ್ದೆ) ತುಂಬಿಸಿದ್ದಾ ಅಂತ ಪಕ್ಕದವರನ್ನು ಕೇಳಿ. ಬಾವಿಯ ನೀರನ್ನು ಮೇ ತಿಂಗಳಲ್ಲಿ ಕುಡಿದು ನೋಡಿ, ಉಪ್ಪಿದ್ದರೆ ಆಗ ಗೊತ್ತಾಗುತ್ತದೆ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಸ್ಲ್ಯಾಬಿನ ಸರಳಿನ ಮೇಲೆ ಕಾಂಕ್ರೀಟ್ ದಪ್ಪ ಇರಲಿ. ಇವೆಲ್ಲ ದುಡ್ಡಿನ ಖರ್ಚು, ಜೀವದ ಭಯ ಅಲ್ಲ.

ಇನ್ನೊಂದು ಮಾತು. ವಯಸ್ಸಾದ ಮೇಲೆ ಆಸ್ಪತ್ರೆಯ ದಾರಿ ಮುಖ್ಯ. ಶಿರಸಿಯಿಂದ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಹೋಗಲು ಘಟ್ಟ ಇಳಿಯಬೇಕಿಲ್ಲ. ಕಾರವಾರದಿಂದ ಹುಬ್ಬಳ್ಳಿಗೆ ಅರಬೈಲ್‌ನಂಥ ಘಟ್ಟ ಹತ್ತಲೇಬೇಕು, ಮಳೆಗಾಲದಲ್ಲಿ ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಹಾಗಂತ ಕಾರವಾರದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಗೋವಾ ಹತ್ತಿರ. ಹೃದಯದ ತೊಂದರೆ ಇದ್ದು ಹುಬ್ಬಳ್ಳಿಯ ಡಾಕ್ಟರನ್ನೇ ನಂಬಿದ್ದರೆ, ಧರೆ ಗಟ್ಟಿ ಇದ್ದ ಪಕ್ಷದಲ್ಲಿ ಶಿರಸಿಗೆ ನನ್ನ ಮತ. ಇಲ್ಲದಿದ್ದರೆ ಕಾರವಾರ.

ಪ್ರಶ್ನೆ: ಹೊನ್ನಾವರ ತಾಲೂಕಿನಲ್ಲಿ ಶರಾವತಿ ದಡದ ಹಳೆ ಮನೆ ಅಗ್ಗಕ್ಕೆ ಸಿಗುತ್ತಿದೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ನೆರೆ ಬರಲ್ಲ ಅನ್ನುತ್ತಾರೆ. ನಂಬಬಹುದಾ?
– ಓದುಗರು, ಕುಮಟಾ

ಉತ್ತರ: ಅರ್ಧ ನಂಬಿ. ಲಿಂಗನಮಕ್ಕಿ ತುಂಬುವವರೆಗೆ ನೀರು ಹಿಡಿದಿಡುತ್ತದೆ, ಸಣ್ಣ ನೆರೆ ಕೆಳಗೆ ಬರುವುದಿಲ್ಲ. ಮಟ್ಟ 1819 ಅಡಿಯ ಹತ್ತಿರ ಬಂದ ಮೇಲೆ ಒಳಗೆ ಬಂದಷ್ಟನ್ನೂ ಹೊರಗೆ ಬಿಡಲೇಬೇಕು. ಪಕ್ಕದ ಅಘನಾಶಿನಿ ಹೊಳೆಗೆ ಅಣೆಕಟ್ಟಿಲ್ಲ. ಅಲ್ಲಿನವರಿಗೆ ವರ್ಷವೂ ನೀರು ನೋಡಿ ಗೊತ್ತು, ಮನೆಯನ್ನು ಅದಕ್ಕೆ ತಕ್ಕ ಎತ್ತರದಲ್ಲಿ ಕಟ್ಟುತ್ತಾರೆ. ಆದರೆ ಅಣೆಕಟ್ಟಿನ ಕೆಳಗೆ ಹಲವು ವರ್ಷ ಏನೂ ಆಗದೆ ಜನ ಹೊಳೆಯ ಹತ್ತಿರ ಹತ್ತಿರ ಬಂದುಬಿಡುತ್ತಾರೆ. ನೀರು ಬಿಡುವ ಹೊತ್ತು ಭರತಿಯ ಹೊತ್ತೂ ಆದರೆ ಹೊಳೆಗೆ ಸಮುದ್ರ ಸೇರಲು ದಾರಿ ಇರುವುದಿಲ್ಲ, ನೀರು ಹಿಂದಕ್ಕೆ ಏರುತ್ತದೆ.

ಮಾರುವವರ ಮಾತು ಬಿಡಿ, ಮನೆ ನೋಡಿ. ಗೋಡೆಯ ಸುಣ್ಣದ ಕೆಳಗೆ ಒಂದೇ ಮಟ್ಟದ ಕಲೆ ಇದೆಯಾ? ಕರೆಂಟ್ ಮೀಟರ್ ಸುತ್ತಲಿನ ಮನೆಗಳಲ್ಲೆಲ್ಲ ಎಷ್ಟು ಎತ್ತರದಲ್ಲಿದೆ? ತಲೆಗಿಂತ ಮೇಲೆ ಹಾಕಿಸಿಕೊಂಡಿದ್ದರೆ, ಯಾಕೆ ಅಂತ ಆ ಮನೆಯ ಹೆಂಗಸರನ್ನು ಕೇಳಿ.