ಹಾಗೆ ನಂಬಿ ಬದುಕಿದವರು ಇದ್ದರು

ಸಾಮಾನ್ಯ ಹೆಂಗಸರು ಮಂತ್ರಶಕ್ತಿಯಿಂದ ಊರು ಕಾಯೋದು ಬರೀ ಕಥೆನಾ ಅಂತ ಕೇಳಿದ್ದೀರಲ್ವಾ. ಹಾಗೆ ನಂಬಿ ಬದುಕಿದವರು ನಿಜಕ್ಕೂ ಇದ್ದರು, ಇಟಲಿಯ ಫ್ರಿಯುಲಿಯಲ್ಲಿ, 16–17ನೇ ಶತಮಾನದಲ್ಲಿ. ಬೆನಂದಾಂತಿ ಅಂತ ಅವರ ಹೆಸರು. ಹುಟ್ಟುವಾಗ ಮೈಮೇಲೆ ಗರ್ಭದ ಪೊರೆ ಇದ್ದರೆ ಸಾಕು, ಆ ಕೆಲಸಕ್ಕೆ ಕರೆ ಬಂದ ಹಾಗೆ. ವರ್ಷಕ್ಕೆ ನಾಲ್ಕು ಸಲ, ಮೈ ಹಾಸಿಗೆಯಲ್ಲೇ ಮಲಗಿರುವಾಗ ಆತ್ಮ ಹೊರಗೆ ಹೋಗಿ, ಸೋಂಪಿನ ಕಡ್ಡಿ ಹಿಡಿದು ಮಾಟಗಾರರ ಜೊತೆ ಹೊಡೆದಾಡುತ್ತಿತ್ತಂತೆ. ಗೆದ್ದರೆ ಒಳ್ಳೆ ಬೆಳೆ, ಸೋತರೆ ಬರ. ಹೊಡೆದಾಟ ಹೆಚ್ಚಾಗಿ ಗಂಡಸರದು. ಹೆಂಗಸರಲ್ಲಿ ಜಾಸ್ತಿ ಜನ ಸತ್ತವರನ್ನು ಕಾಣುತ್ತೇವೆ ಅನ್ನುತ್ತಿದ್ದರು, ಆದರೆ ಲತಿಸಾನಾದಲ್ಲಿ ಪೀಪಾಯಿ ಮಾಡುವವನ ಹೆಂಡತಿ ಮರಿಯಾ ಪಾಂಝೋನಾ ತಾನೂ ಬೆನಂದಾಂತಿ ಅಂತ ಚರ್ಚಿನ ವಿಚಾರಣೆಯಲ್ಲೇ ಹೇಳಿದಳು. ನಾವು ಮಾಟದ ವಿರುದ್ಧ ನಿಂತವರು ಅಂತ ಎಷ್ಟು ಹೇಳಿದರೂ ಚರ್ಚಿನ ವಿಚಾರಕರು ಕೊನೆಗೆ ಇವರನ್ನೇ ಮಾಟಗಾರರ ಸಾಲಿಗೆ ಸೇರಿಸಿದರು. ಅದನ್ನು ಓದಿ ನನಗೆ ತುಂಬಾ ಸಂಕಟವಾಯಿತು.