ಪ್ರತಿಕ್ರಿಯೆ: ಭಾಷಣ ಬಲ್ಲವರಿಗೆ ಬರವಣಿಗೆ ಏಕೆ ಕಷ್ಟ?

ಮಾನ್ಯರೇ,

ಚಿಕ್ಕಮಗಳೂರಿನ ಸಭೆಗಳಲ್ಲಿ ನಿರರ್ಗಳವಾಗಿ ಮಾತನಾಡುವ ತಮಗೆ, ಅದೇ ವಿಷಯವನ್ನು ಲೇಖನವಾಗಿಸಲು ಕುಳಿತರೆ ಕೈ ಏಕೆ ಓಡುವುದಿಲ್ಲ ಎಂದು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಇವು ಬೇರೆ ಬೇರೆ ವಿದ್ಯೆಗಳಲ್ಲ. ವೇದಿಕೆಯಲ್ಲಿ ಕಣ್ಣೆದುರಿಗಿರುವ ಕೇಳುಗರನ್ನು ಬರೆಯುವಾಗ ತಾವು ಮರೆಯುತ್ತಿರಬಹುದು.

ತಮ್ಮದೇ ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನವನೆಂದು ಹೇಳಲಾಗುವ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಗಮನಿಸಿ. ಅದು ಬರೆದ ಕಾವ್ಯವೇ ಆದರೂ, ಓದು ಬಾರದವರೂ ಅದನ್ನು ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳ ಬಾಯಿಂದ ಕೇಳಿ ಸವಿದರು. ಆ ಕಾವ್ಯದ ಛಂದಸ್ಸಾದ, ಆರು ಸಾಲುಗಳ ವಾರ್ಧಕ ಷಟ್ಪದಿಯಲ್ಲಿ 20 ಮಾತ್ರೆಗಳ (ಮಾತ್ರೆ ಎಂದರೆ ಉಚ್ಚಾರಣೆಯ ಕಾಲದ ಅಳತೆ) ಎರಡೆರಡು ಸಾಲುಗಳ ನಂತರ 32 ಮಾತ್ರೆಗಳ ಒಂದು ಸಾಲು ಬರುವುದರಿಂದ, ಹಾಡುವವರ ಉಸಿರಿಗೂ ಕೇಳುವವರ ಗ್ರಹಿಕೆಗೂ ಒಂದು ನಿಲುಗಡೆ ತಾನಾಗಿಯೇ ಒದಗುತ್ತದೆ. ಗದ್ಯದಲ್ಲಿ ಆ ಕೆಲಸವನ್ನು ವಾಕ್ಯದ ಉದ್ದವೂ ವಿರಾಮಚಿಹ್ನೆಗಳೂ ಮಾಡಬೇಕು.

ವ್ಯತ್ಯಾಸವೂ ಇದೆ. ಕೇಳುಗರು ಹಿಂದಿನ ಮಾತಿಗೆ ಮರಳಲಾರರಾದ್ದರಿಂದ ಭಾಷಣಕಾರರು ಮುಖ್ಯಾಂಶವನ್ನು ಮತ್ತೆ ಮತ್ತೆ ಹೇಳಲೇಬೇಕಾಗುತ್ತದೆ. ಪುಟ ತಿರುವಿ ನೋಡಬಲ್ಲ ಓದುಗರಿಗೆ ಆ ಪುನರುಕ್ತಿಯೇ ಬೇಸರ ತರಿಸುತ್ತದೆ. ದನಿಯ ಏರಿಳಿತದಿಂದ ವೇದಿಕೆಯಲ್ಲಿ ಸಿಗುವ ಒತ್ತನ್ನು ಕಾಗದದಲ್ಲಿ ಪದಗಳ ಕ್ರಮದಿಂದಲೇ ಪಡೆಯಬೇಕು.

ಆದ್ದರಿಂದ ತಮ್ಮ ಒಂದು ಭಾಷಣವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಇದ್ದಂತೆಯೇ ಬರೆದುಕೊಂಡು, ಪುನರುಕ್ತಿಗಳನ್ನು ತೆಗೆದ ಮೇಲೆ ಗಟ್ಟಿಯಾಗಿ ಓದಿ ನೋಡಿ. ಉಸಿರು ಸಾಲದಾದಲ್ಲಿ ವಾಕ್ಯವನ್ನು ಒಡೆಯಿರಿ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’ ಎಂಬ ಭಾಗವನ್ನು ಮೊದಲು ಹೊಡೆದುಹಾಕಿ. (ಅದರ ನೆರಳು ನಮ್ಮ ಎಷ್ಟೋ ಲೇಖನಗಳ ಮೊದಲ ಪ್ಯಾರಾದಲ್ಲಿ ಇನ್ನೂ ಉಳಿದಿದೆ.)